ತಲಬಾಗಿಲ ಅಗಳಿ

ತಾಂಬಾ,
ಮಹಾಲಯ ಅಮಾವಾಸ್ಯೆ, 1974

ಕಾಕಾ,

ನೀನು ಹೋದ ಮೇಲೆ ಇವತ್ತು ಮೊದಲ ಸಲ ನಿನ್ನ ಹೆಸರಿಗೆ ಎಳ್ಳುನೀರು ಬಿಡಲು ಕೂತಿದ್ದೆ. ಬೆರಳಿಗೆ ದರ್ಭೆ ಹಾಕಿಕೊಂಡಿದ್ದೆನಷ್ಟೇ, ಆಚಾರ್ಯರು ತಡೆದರು.

"ಅಪ್ಪಾ ಇದ್ದಾಂವ ಈ ನೀರು ಬಿಡೂಹಂಗಿಲ್ಲೋ ಶ್ರೀಪಾದ. ಏಳು, ಅವರು ಕೂಡ್ಲಿ."

ಅವರು ಎಂದರೆ ನಿನ್ನ ಅಣ್ಣ. ನಾನು ತೊಟ್ಟಿಲಲ್ಲಿದ್ದಾಗ ಊರು ಬಿಟ್ಟವರು ಹೋದ ವಾರ ತಿರುಗಿ ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ನಾನು ಏಳಲಿಲ್ಲ.

"ನಮ್ಮಪ್ಪ ಹೋದ ವರ್ಷ ತೀರ್ಕೊಂಡಾನ್ರಿ. ನಾರಾಯಣ ಅಂತ ಅವನ ಹೆಸರು."

ಪಡಸಾಲೆಗೆ ಕೇಳಲಿ ಎಂದೇ ನಿನ್ನ ಹೆಸರನ್ನು ಜೋರಾಗಿ ಅಂದೆ. ಆಚಾರ್ಯರು ಬಾಯಿ ತೆರೆಯುವ ಮೊದಲೇ ನಿನ್ನ ಅಣ್ಣ ಎದ್ದು ಒಳಗೆ ಬಂದರು. ತಂಬಿಗೆ ಎತ್ತಿಕೊಂಡು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಅಂವಾ ಹೇಳೂದು ಖರೇ ಅದರಿ. ಮಂತ್ರಾ ಹೇಳ್ರಿ."

ನನ್ನ ಅಂಗೈಗೆ ಅವರೇ ನೀರು ಹಾಕಿದರು. ನೀನು ಬಿಡುತ್ತಿದ್ದ ಹಾಗೆ ಹೆಬ್ಬೆರಳ ಬದಿಯಿಂದ ಬಿಟ್ಟೆ. ನಿನ್ನ ಹೆಸರು ಬಂದಾಗಲೆಲ್ಲ ನನ್ನ ಮುಂಗೈ ತೊಯ್ಯುವಷ್ಟು ನೀರು ಸುರಿದರು.

ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ನಾರಾಯಣ ನನ್ನ ನೆನಸ್ತಿದ್ದನೇನು?"

"ಇಲ್ಲ" ಅಂದೆ.

ಊಟಕ್ಕೂ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರಿಗೆಂದು ಕಾಕು ಹಾಕಿದ ಎಲೆ ಹಾಗೇ ಉಳಿದಿದೆ.

ಅಣ್ಣ ಬಂದರೆ ಬಾಗಿಲು ಬಡಿಯಲು ನಾಚಿಕೊಂಡಾನು ಎಂದು ನೀನು ಬದುಕಿರುವ ತನಕ ತಲಬಾಗಿಲಿಗೆ ಅಗಳಿ ಹಾಕಲಿಲ್ಲ. ನೀನು ಹೋದ ಮೇಲೂ ನಾವು ಹಾಕಿಲ್ಲ. ಇದನ್ನು ನಾನು ಅವರಿಗೆ ಹೇಳಬೇಕಿತ್ತು.

ಈಗ ಹೊತ್ತು ಮುಳುಗಿದೆ. ಕಾಕು ಅಗಳಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡುತ್ತಿದ್ದಾಳೆ.

"ಹಾಕ್ಲೇನೋ?"