‘ಜೋಡಿ ಅಚ್ಚು’ ಎಂದು ಬರೆದ ಲಕೋಟೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರಂತೆ, ಗೋಡೆಯ ಕ್ಯಾಲೆಂಡರನ್ನು ಮಂಚದಿಂದಲೇ ಓದಿ ಅತ್ತೆಯನ್ನು ದಂಗುಬಡಿಸಿದಿರಂತೆ. ಫೋನಿನಲ್ಲಿ ಹೇಳುವಾಗ ಅವರ ದನಿಯೇ ಕುಣಿಯುತ್ತಿತ್ತು. ಇಷ್ಟು ದಿನ ಕಾಗದ ಹಾಕಲಿಲ್ಲವೆಂದು ಬೈಯಬೇಡಿ. ಇದನ್ನು ಅತ್ತೆ ನಿಮಗೆ ಓದಿ ಹೇಳುವುದು ನನಗೆ ಬೇಕಿರಲಿಲ್ಲ. ನೀವೇ ಓದುವಂತಾಗಲಿ ಎಂದು ಕಾದೆ. ಫೋನಿನಲ್ಲೇ ಹೇಳೋಣವೆಂದರೆ ನನ್ನ ಗಂಟಲು ನಿಮಗೆ ಗೊತ್ತಲ್ಲ, ‘ಪಿಸಿಪಿಸಿ’ ಎಂದು ಹೆಸರಿಟ್ಟವರೇ ನೀವು, ಬೇಕಾದ ಮಾತಿಗೇ ಕೈಕೊಡುತ್ತದೆ.

ಸುತ್ತಿಬಳಸದೆ ಹೇಳಿಬಿಡುತ್ತೇನೆ. ನಿಮ್ಮ ಪೆಟ್ಟಿಗೆಯಿಂದ ಮಾರಾಟವಾಗಿದ್ದ ಐದರ ನಾಣ್ಯ, ಲಕೋಟೆಯ ಮೇಲೆ ನೀವು ‘ಜೋಡಿ ಅಚ್ಚು’ ಎಂದು ಬರೆದಿದ್ದದ್ದು, ವಾಪಸು ಬಂದಿದೆ. ಅದು ಜೋಡಿ ಅಚ್ಚಲ್ಲ. ಡಿಪೋದಲ್ಲೆಲ್ಲ ‘ದುರ್ಬೀನು ಕಂಡಕ್ಟರ್’ ಅನ್ನಿಸಿಕೊಂಡ ನಿಮಗೆ, ನೀವು ಬರೆದದ್ದು ತಪ್ಪು ಎಂದು ನಾನು ಹೇಳಬೇಕಾಗಿ ಬಂದಿದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಕೈಗಡಿಯಾರ ರಿಪೇರಿ ಮಾಡುವ ಅಜ್ಜ ಒಬ್ಬರು ನಮ್ಮ ಹಳೇ ನಾಣ್ಯದ ಅಂಗಡಿಗೆ ಬಂದರು. ಕಿಟಕಿಯ ಪಕ್ಕದ ನನ್ನ ಮೇಜಿನ ಮೇಲೆ ನಮ್ಮ ಮಾರಾಟಪಟ್ಟಿಯನ್ನೂ ನಿಮ್ಮ ಲಕೋಟೆಯ ಸಮೇತ ಆ ನಾಣ್ಯವನ್ನೂ ಇಟ್ಟು, “ಈ ಎರಡು ಸಾಲು ಬರೆದಿದ್ದು ಯಾರಮ್ಮ?” ಅಂದರು.

“ನಾನೇ.”

“ಬರವಣಿಗೆ ಬಹಳ ಚೆನ್ನಾಗಿದೆ. ನಾಣ್ಯ ಮಾತ್ರ ಅದರಲ್ಲಿ ಹೇಳಿದ್ದಲ್ಲ.”

ಜೇಬಿನಿಂದ ತಮ್ಮ ಕಣ್ಣಿಗಿಟ್ಟು ನೋಡುವ ಲೆನ್ಸ್ ತೆಗೆದು ನನ್ನ ಕೈಗಿಟ್ಟರು. “ಇಸವಿಯ ಆ ಏಳನ್ನ ನೋಡು. ಅಚ್ಚಲ್ಲೇ ಅಂಕಿ ಎರಡು ಸಲ ಕೂತಿದ್ರೆ ಎರಡು ಗೆರೆನೂ ದುಂಡಗೆ ಮೈತುಂಬ್ಕೊಂಡಿರುತ್ತೆ, ಮೂಲೇಲಿ ಸೀಳು ಕಾಣುತ್ತೆ. ಇಲ್ಲಿ ಒಂದು ಗೆರೆ ಮೆಟ್ಟಿಲ ಥರ ಚಪ್ಪಟೆ. ಹೊಡೆಯೋವಾಗ ಯಂತ್ರ ಅಲುಗಾಡಿದೆ, ಅಷ್ಟೇ. ಇಂಥವು ರಾಶಿ ಸಿಗುತ್ತವೆ. ಅದು ಹುಟ್ಟುಮಚ್ಚೆ, ಇದು ತರಚುಗಾಯ.”

ನೋಡಿದೆ. ಮೆಟ್ಟಿಲೇ. ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು.

ಅಷ್ಟರಲ್ಲಿ ಅಂಗಡಿಯ ಯಜಮಾನರು ಒಳಗಿನಿಂದ ಬಂದರು. “ಪಟ್ಟಿ ಕೆಳಗೆ ಹಾಕಿದೀವಲ್ಲ ಸ್ವಾಮಿ, ಇಂಥ ತಪ್ಪುನಾಣ್ಯಗಳ ಬಗ್ಗೆ ನಾವು ಹೇಳೋದು ಬರೀ ಅಭಿಪ್ರಾಯ ಅಂತ.”

“ಅಭಿಪ್ರಾಯನ ನಾನು ಪುಕ್ಕಟೆ ಕೊಡ್ತೀನಿ. ನೀವು ಅದಕ್ಕೆ ಹದಿನೈದು ಪಟ್ಟು ತಗೊಂಡಿದೀರಿ.”

ಯಜಮಾನರು ಕೆಟ್ಟವರಲ್ಲ ಅಪ್ಪಾ. ಆದರೆ ಹಿಂದಿನ ವರ್ಷ ಇಂಥದ್ದೇ ಮೂರು ಜಗಳದಲ್ಲಿ ನಲುಗಿದ್ದಾರೆ. ನನ್ನನ್ನು ಪಕ್ಕಕ್ಕೆ ಕರೆದು, “ಒಂದು ಉತ್ತರ ಬರೆದುಕೊಡು. ಹೌದು ಅಂತಲೂ ಇರಬಾರದು, ಅಲ್ಲ ಅಂತಲೂ ಇರಬಾರದು. ಸಾಹಿತ್ಯ ಓದಿರೋಳು ಯಾಕಿದೀಯ ಮತ್ತೆ?” ಅಂದರು.

ಬರೆದೆ. ‘ಇಂಥ ನಾಣ್ಯಗಳ ವಿಷಯದಲ್ಲಿ ತಜ್ಞರ ನಡುವೆಯೂ ಭಿನ್ನಾಭಿಪ್ರಾಯಗಳಿರುವುದು ಸಹಜವಾದ್ದರಿಂದ’ ಎಂದು ಶುರುವಾಗುವ ಒಂದೇ ವಾಕ್ಯ. ಎಲ್ಲೂ ಬಿರುಕಿಲ್ಲ. ನನಗೆ ಅಂಥದ್ದು ಬರೆಯಲು ಬರುತ್ತದೆಂದು ಅವತ್ತೇ ಗೊತ್ತಾದದ್ದು. ಅದನ್ನು ಹಿಡಿದು ಎದ್ದಾಗ ಅಜ್ಜ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತು, ಅಂಗಿಯ ಅಂಚಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಬರೆದದ್ದನ್ನು ಸ್ಪಷ್ಟವಾಗಿ ಓದಲಿಕ್ಕೆ.

“ತಪ್ಪು ನಂದು ಸಾರ್,” ಅಂದೆ. ಯಜಮಾನರಿಗೆ ಕೇಳಿಸಲಿಲ್ಲ. ಎರಡನೇ ಸಲ ಸ್ವಲ್ಪ ಜೋರಾಗಿಯೇ ಬಂತು. “ಲೆನ್ಸ್ ಇಡದೆ ಬರೆದೆ.”

“ನೀನಾ? ಧೂಳಿಗೂ ಲೆನ್ಸ್ ಇಡೋಳು ನೀನು,” ಅಂದರು ಯಜಮಾನರು.

“ಅದು ನಮ್ಮಪ್ಪನ ಪೆಟ್ಟಿಗೆ ಸಾರ್.”

ಲಕೋಟೆಯನ್ನು ನಂಬಬೇಡ, ನಾಣ್ಯವನ್ನು ನೋಡು: ಈ ಅಂಗಡಿಯಲ್ಲಿ ನನಗೆ ಕಲಿಸಿದ ಮೊದಲ ಪಾಠ ಅದು. ಬೇರೆ ಎಲ್ಲರ ವಿಷಯದಲ್ಲೂ ಪಾಲಿಸಿದ್ದೇನೆ. ನಿಮ್ಮ ಪೆಟ್ಟಿಗೆ ತೆರೆದಾಗ ಮಾತ್ರ ಲೆನ್ಸ್ ಮೇಜಿನ ಮೇಲೇ ಉಳಿಯಿತು. ನಿಮ್ಮ ಅಕ್ಷರ ಕಂಡಿತು, ನಕಲು ಮಾಡಿದೆ.

ಯಜಮಾನರು ಡ್ರಾಯರ್ ಎಳೆದು ಅಜ್ಜನ ಹಣ ಪೂರ್ತಿ ವಾಪಸು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಉಳಿದ ಲಕೋಟೆಗಳನ್ನೂ ನೋಡು. ಮನೆಗೆ ನೀನೇ ಬರಿ, ಒಬ್ಬ ತಂದೆಗೆ ಇದನ್ನ ಹೇಳೋಕೆ ನನ್ನ ಕೈಲಾಗಲ್ಲ,” ಅಂದರು. ಅಜ್ಜ ಮೆಟ್ಟಿಲು ಇಳಿಯುವವರು ನಿಂತು, “ನಿಮ್ಮಪ್ಪ ಮೋಸ ಮಾಡಿಲ್ಲಮ್ಮ. ಮೋಸ ಮಾಡೋರು ಇಷ್ಟು ಜೋಪಾನವಾಗಿ ಅಕ್ಷರ ಬರೆಯಲ್ಲ,” ಅಂದರು.

ನಲವತ್ತೆರಡು ಲಕೋಟೆಗಳನ್ನೂ ನೋಡಿ ಮುಗಿಸಿದೆ. ಬೇಜಾರು ಮಾಡಿಕೊಳ್ಳಬೇಡಿ, ಇನ್ನೂ ಏಳು ತಪ್ಪಿವೆ. ಮಿಕ್ಕವೆಲ್ಲ ನೀವು ಬರೆದ ಹಾಗೇ ಇವೆ, ಒಂದನ್ನು ನೋಡಿ ಯಜಮಾನರು ಸಿಳ್ಳೆ ಹೊಡೆದರು. ವಾಪಸು ಬಂದ ನಾಣ್ಯವನ್ನು ಇದರ ಜೊತೆ ಕಳಿಸಿದ್ದೇನೆ. ಹೊಸ ಕಣ್ಣಿನಿಂದ ನೀವೇ ಒಮ್ಮೆ ನೋಡಿ. ಪೆಟ್ಟಿಗೆಯನ್ನು ಮಾರುವುದೋ ವಾಪಸು ತರಿಸಿಕೊಳ್ಳುವುದೋ, ನೀವು ಹೇಳಿದಂತೆ.

ಡ್ರಾಪ್ಸ್ ಮರೆಯಬೇಡಿ. ಅತ್ತೆ ಬೈದರೆ ಬೈಸಿಕೊಳ್ಳಿ, ಅವರಿಗೂ ಬೇರೆ ಯಾರಿದ್ದಾರೆ? ಇಬ್ಬರ ಪಾದಕ್ಕೂ ಇಲ್ಲಿಂದಲೇ ನಮಸ್ಕಾರ. ನನ್ನ ತಲೆಯ ಮೇಲೆ ಮನಸ್ಸಿನಲ್ಲೇ ಒಂದು ಸಲ ಕೈ ಇಡಿ.

ನಿಮ್ಮ
ಪಿಸಿಪಿಸಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಕೆಳಗೆ ತಳ್ಳಿದ್ದು. ತಪ್ಪಿರುವ ಎಂಟೂ ಲಕೋಟೆಗಳು ನಿಮ್ಮ ಕೆಲಸದ ಕೊನೆಯ ಎರಡು ವರ್ಷದವು. ಎಂಟನ್ನೂ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನೀವೇ ಬರೆದಿದ್ದೀರಿ, ‘ಮಗಳು ನೋಡಿ ಹೇಳಿದ್ದು’ ಎಂದು. ಡ್ಯೂಟಿ ಮುಗಿಸಿ ಬಂದು, ನಾಣ್ಯವನ್ನು ನನ್ನ ಮುಂದೆ ಹಿಡಿದು, “ಎರಡೆರಡು ಕಾಣುತ್ತೇನೇ, ನೋಡು” ಎಂದು ಕೇಳುತ್ತಿದ್ದಿರಿ. ನಿಮಗೆ ಕಾಣುತ್ತಿಲ್ಲವೆಂದು ನನಗೆ ಹೊಳೆಯಲೇ ಇಲ್ಲ. “ಹೂಂ, ಕಾಣುತ್ತೆ” ಅನ್ನುತ್ತಿದ್ದೆ. ಒಂದು ಸಲವೂ ನಾನು ಪುಸ್ತಕದಿಂದ ತಲೆ ಎತ್ತಿರಲಿಲ್ಲ ಅಪ್ಪಾ.