ಏಡಿ ಮನೆ ಬದಲಿಸಿದ್ದು

ಅತ್ತಿಗೆಗೆ ನಮಸ್ಕಾರ.

ನೀವು ಹೋಗಲಿರುವ ಹೊಸ ಮನೆ ಚಿಕ್ಕದಂತೆ. ನನ್ನ ಮಂಚ ಒಯ್ಯುವುದೋ, ಯಾರಿಗಾದರೂ ಕೊಟ್ಟುಬಿಡುವುದೋ ಎಂದು ಅಣ್ಣ ಕೇಳಿದ್ದಾನೆ. ನಿಮಗೆ ತೊಂದರೆ ಬೇಡ, ಕೊಟ್ಟುಬಿಡಿ ಎಂದು ಬರೆಯಲೆಂದೇ ಈ ಕಾರ್ಡ್ ಕೊಂಡಿದ್ದೆ.

ಇಂದು ಬೆಳಿಗ್ಗೆ ಕಡಲು ಇಳಿದಾಗ, ನಮ್ಮ ಸಂಶೋಧನಾ ಕೇಂದ್ರಕ್ಕೆ ಕಡಲ ನೀರೆತ್ತುವ ಪಂಪಿನ ಜಾಲರಿ ತೊಳೆಯಲು ಹೋಗಿದ್ದೆ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಸನ್ಯಾಸಿ ಏಡಿಯೊಂದು ಹಳೆಯ ಶಂಖ ಬಿಟ್ಟು ದೊಡ್ಡದೊಂದು ಖಾಲಿ ಶಂಖದೊಳಗೆ ಸೇರಿಕೊಂಡಿತ್ತು. ಹಳೆಯ ಶಂಖದ ಮೇಲೆ ಹೂವಿನಂಥ ಮೆತ್ತನೆಯ ಜೀವಿಯೊಂದು ಅಂಟಿಕೊಂಡಿತ್ತು. ಏಡಿ ಅದನ್ನು ಕಾಲುಗಳಿಂದ ಬಿಡದೆ ತಟ್ಟುತ್ತಿತ್ತು. ತಿಂದೇಬಿಡುತ್ತದೆಂದು ನಾನು ಬಿಡಿಸಲು ಹೋದೆ. ಆ ಹೂವು ನನ್ನ ಕೈಗೇ ಚುರ್ರೆಂದು ಚುಚ್ಚಿತು.

"ಅಯ್ಯೋ ಪುಣ್ಯಾತ್ಮ, ಅವರ ಸಂಸಾರದಲ್ಲಿ ನೀನ್ಯಾಕೆ ತಲೆ ಹಾಕ್ತೀಯ?" ಎಂದು ಜೊತೆಗೆ ಬಂದಿದ್ದ ನಮ್ಮ ಕೇಂದ್ರದ ವಿಜ್ಞಾನಿ ಮೇಡಂ ನಕ್ಕರು. "ಏಡಿನ ಹೊಡೆಯೋಕೆ ಬಂದವರಿಗೆ ಆ ಹೂವು ಹಾಗೇ ಚುಚ್ಚುತ್ತೆ, ಏಡಿ ಬದುಕ್ಕೊಳ್ಳುತ್ತೆ. ಏಡಿ ಊಟದಲ್ಲಿ ಅದಕ್ಕೂ ಪಾಲಿದೆ. ಅದನ್ನ ಬಿಟ್ಟು ಏಡಿ ಹೋಗಲ್ಲ, ನೋಡ್ತಿರು."

ನಿಜ. ಏಡಿ ಅದನ್ನು ತಟ್ಟಿ ತಟ್ಟಿಯೇ ಹಳೆಯ ಶಂಖದಿಂದ ಎಬ್ಬಿಸಿ, ಹೊಸ ಶಂಖದ ಮೇಲೆ ಕೂರಿಸಿಕೊಂಡೇ ಹೊರಟಿತು.

ನಾವು ಮನೆ ಬದಲಿಸಿದಾಗಲೆಲ್ಲ ನೀವು ಅಣ್ಣನಿಗೆ, "ಮೊದಲು ನಮ್ಮ ಹುಡುಗನ ಮಂಚ ಎಲ್ಲಿ ಹಾಕೋದು, ಅದು ಹೇಳ್ರೀ" ಎನ್ನುತ್ತಿದ್ದುದು ನೆನಪಾಯಿತು. ಆ ಮಾತಿಗೆ ನಾನು ಎಂದಿಗೂ ಋಣಿ.

ಕೈಯ ಬಾವು ಸಂಜೆಗೇ ಇಳಿದಿದೆ, ಗಾಬರಿ ಬೇಡ. ಸಾಮಾನು ಸಾಗಿಸುವ ಲಾರಿಯ ಬಾಡಿಗೆ ನಾನು ಕಳಿಸುತ್ತೇನೆ. ಮಂಚ ಯಾರಿಗೂ ಕೊಡಬೇಡಿ. ಅಡುಗೆಮನೆಯಲ್ಲಾದರೂ ಸರಿ, ಹಾಕಿಸಿಡಿ. ರಜೆ ಸಿಕ್ಕಿದೊಡನೆ ಬರುತ್ತೇನೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಮೈದುನ