ಆಳಿಗಿಲ್ಲ, ಗಾಡಿಗೆ ಮಾತ್ರ

ಕುಂಬಳೆ
ಬುಧವಾರ, 12 ಫೆಬ್ರವರಿ 2025

ಪ್ರೀತಿಯ ಪೂಜಾನ ಅಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಹೇಗುಂಟು? ಗಾಡಿಯಡಿ ಮಲಗುವ ಕೆಲಸವನ್ನು ಹುಡುಗರಿಗೆ ಬಿಡಿ ಎಂದು ಎಷ್ಟು ಸಲ ಹೇಳಿದ್ದೇನೆ. ವರ್ಕ್‌ಶಾಪಿನ ಫೋರ್‌ಮನ್ ಆದವರು ಬೆರಳು ತೋರಿಸಿದರೆ ಸಾಕು, ಬೆನ್ನು ಕೊಡಬೇಕೆಂದಿಲ್ಲ. ಹಿಂದೆ ಕಳಿಸಿದ ಎಣ್ಣೆ ಮುಗಿದಿರಬಹುದೆಂದು ಇನ್ನೊಂದು ಬಾಟಲಿ ಇಟ್ಟಿದ್ದೇನೆ, ಬಿಸಿ ಮಾಡಿಯೇ ಹಚ್ಚಿ. ನಾನು ಚೆನ್ನಾಗಿದ್ದೇನೆ. ನಿದ್ದೆಯೊಂದು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ನಡೆಯುತ್ತಿದೆ.

ದಿನಕ್ಕೆ ಎರಡು ಸಲ ಮಸ್ಕತ್ತಿನಿಂದ ಫೋನ್ ಮಾಡುವ ಗಂಡನಿಗೆ ಕಾಗದ ಯಾಕೆ ಎಂದು ನಿಮ್ಮ ತಮ್ಮನ ಮಗ ವಿಖ್ಯಾತ್ ನಕ್ಕ. ನಾಳೆ ಅವನು ಮಂಗಳೂರಿನಿಂದ ವಿಮಾನ ಹತ್ತುತ್ತಾನಲ್ಲ, ಹಪ್ಪಳ, ಮಾವಿನ ಮಿಡಿ, ಎಣ್ಣೆಯ ಜೊತೆಗೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಟಯರಿನ ಗಾಳಿ ಕೇಳುತ್ತೀರಿ. ಅದಲ್ಲದೆ ನಮ್ಮ ಮಾತು ತುಳುವಿನಲ್ಲಿ, ಜಗಳವೂ ತುಳುವಿನಲ್ಲಿ. ಕನ್ನಡದಲ್ಲಿ ಬರೆಯಲು ಕೂತರೆ ಶಾಲೆಯ ಬೆಂಚಿನಲ್ಲಿ ಕೂತ ಹಾಗೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಬೈಗುಳ ಕೈಗೆ ಬರುವುದಿಲ್ಲ. ನಿಮ್ಮ ಅದೃಷ್ಟ ಎಂದುಕೊಳ್ಳಿ.

ನಾನು ನಾಸಿಕದಿಂದ ಬಂದು ಒಂದು ವಾರವಾಯಿತು. ಅಪಘಾತದಲ್ಲಿ ಒಡೆದ ಪೂಜಾನ ಸೊಂಟದ ಮೂಳೆ ಕೂಡಬೇಕಾದರೆ ಅವಳು ಮಲಗಿಯೇ ಇರಬೇಕು, ಅರ್ಧ ಗಂಟೆ ಕೂಡ ಕೂರುವ ಹಾಗಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಈಗ ನೋಡಿಕೊಳ್ಳುತ್ತಿರುವವಳು ಅವಳ ರೂಮಿನ ಮೋಕ್ಷಿತಾ. ದ್ರಾಕ್ಷಿ ಕಾರ್ಖಾನೆಯ ಲ್ಯಾಬಿನಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡುವವರು. ಆ ಹುಡುಗಿಯ ಅಕ್ಕನ ಮದುವೆ ಬಂತು, ಸೋಮವಾರ ಅವಳು ಹೊರಡಲೇಬೇಕು. ಆಮೇಲೆ ಒಂದು ಲೋಟ ನೀರು ಕೊಡಲೂ ಜನವಿಲ್ಲ. ಮಗಳನ್ನು ಊರಿಗೇ ಕರೆತರಬೇಕು. ರೈಲಿನ ಬಾಗಿಲಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ಆಂಬುಲೆನ್ಸ್ ಎಂದರೆ, ಆ ಕೂಗು ಕೇಳುತ್ತಾ ಅಷ್ಟು ದೂರ ಮಲಗಿದರೆ ನಾನು ದಾರಿಯಲ್ಲೇ ಸತ್ತುಹೋಗುತ್ತೇನೆ ಎಂದು ಪೂಜಾ ಹೇಳಿದಳು. ಹಾಗಾಗಿ ನಮ್ಮದೇ ಗಾಡಿ. ನಡುವಿನ ಸೀಟು ಬಿಚ್ಚಿಸಿ ಹತ್ತಿಯ ಹಾಸಿಗೆ ಹಾಕಿಸಿದ್ದೇನೆ. ಓಡಿಸುವವರು ನಿಮ್ಮ ಹಳೆಯ ದೋಸ್ತಿ ಕಿಟ್ಟಣ್ಣ. ಒಂದು ಕಾಲದಲ್ಲಿ ಬದಿಯಡ್ಕ ಲೈನಿನಲ್ಲಿ ಜೀಪು ಓಡಿಸಿದ ಕೈ, ಭಯವಿಲ್ಲ. ಭಯ ಇರುವುದು ಗಾಡಿಯದ್ದು. ಹದಿನಾಲ್ಕು ವರ್ಷದ ಮುದುಕ ಅದು, ನೀವು ಊರಿಗೆ ಬಂದಾಗ ಮಾತ್ರ ಸರಿಯಾಗಿ ಓಡುತ್ತದೆ.

ದಾರಿಯಲ್ಲಿ ಕೆಟ್ಟರೆ ಬಂದು ಎತ್ತುವ ಕಂಪೆನಿಗಳ ಮೂರು ಲಿಂಕು ಕಳಿಸಿ, ಒಂದೊಂದಕ್ಕೂ ಒಂದೊಂದು ವಾಯ್ಸ್ ಮೆಸೇಜ್ ಹಾಕಿ, ಇದರಲ್ಲಿ ಒಂದನ್ನು ಆರಿಸು ಎಂದಿರಿ. ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ, ಬಣ್ಣದಲ್ಲಿ ಹೇಳುತ್ತೇನೆ. ನೀಲಿಯವರು ಹತ್ತು ವರ್ಷ ದಾಟಿದ ಗಾಡಿಯನ್ನು ಮುಟ್ಟುವುದೇ ಇಲ್ಲ. ಹಳದಿಯವರು ಎಲ್ಲವನ್ನೂ ಕೊಡುತ್ತಾರೆ, ಆದರೆ ಶುರುವಾಗುವುದು ಒಂದು ವಾರದ ನಂತರ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಉಳಿದದ್ದು ಕೆಂಪಿನವರು. ಹಳೆಯ ಗಾಡಿಯಾದರೂ ಆಗಬಹುದು, ಹಣ ಕಟ್ಟಿದ ಮೂರನೆಯ ದಿನ ಶುರು.

ಅವರಿಗೆ ನಾನೇ ಫೋನ್ ಮಾಡಿದೆ. ಯಾವ ಭಾಷೆ ಬೇಕೆಂದು ಯಂತ್ರ ಕೇಳಿತು. ಕನ್ನಡಕ್ಕೆ ಒತ್ತಿದೆ. ನಮ್ಮದು ಕೇರಳದ ನಂಬರು ಅಲ್ಲವಾ, ಬಂದದ್ದು ಮಲಯಾಳದ ಹುಡುಗಿಯೇ. ದಕ್ಷಿಣದ ಕಡೆಯವಳಿರಬೇಕು, ಉಸಿರು ತೆಗೆಯದೆ ಮಾತಾಡುತ್ತಾಳೆ. ನನ್ನ ಮಲಯಾಳ ನಿಮಗೆ ಗೊತ್ತುಂಟಲ್ಲ, ಪಂಚಾಯತ್ ಆಫೀಸಿಗೆ ಹೋಗಿ ಬರುವಷ್ಟು. ಶಬ್ದ ಸಿಗದಲ್ಲಿ ಕನ್ನಡವನ್ನೇ ತುರುಕಿ ಹಿಂದೊಂದು ಬಾಲ ಅಂಟಿಸುವುದು. ಹಾಗೆಯೇ ಧೈರ್ಯ ಮಾಡಿ, ‘ವಂಡಿ ಹಾಳಾಯಾಲ್ ಎಂದ್ ಚೆಯ್ಯುಂ’ ಎಂದು ಕೇಳಿದೆ, ಗಾಡಿ ಹಾಳಾದರೆ ಎಂತ ಮಾಡುತ್ತೀರಿ ಎಂದು. ಅವಳ ಕಿವಿಯಲ್ಲಿ ನನ್ನ ಹಕಾರ ಉದುರಿಹೋಯಿತು. ಮಲಯಾಳದಲ್ಲಿ ಆಳು ಎಂದರೆ ಮನುಷ್ಯ. ಗಾಡಿಯೊಳಗಿನ ಜನರಿಗೆ ಎಂತ ಉಂಟು ಎಂದು ಈ ಹೆಂಗಸು ಕೇಳುತ್ತಿದ್ದಾಳೆ ಎಂದುಕೊಂಡು, ‘ಆಳಿನ್ ಇಲ್ಲ ಚೇಚೀ, ವಂಡಿಕ್ ಮಾತ್ರಂ’ ಎಂದಳು. ನಾನು ಹಾಳು, ಹಾಳು ಎಂದು ಒತ್ತಿ ಹೇಳಿದೆ. ಅವಳೂ ಒತ್ತಿ ಹೇಳಿದಳು, ಆಳಿಗಿಲ್ಲ ಅಕ್ಕಾ, ಗಾಡಿಗೆ ಮಾತ್ರ.

ಫೋನ್ ಇಟ್ಟ ಮೇಲೆ ಹೊಟ್ಟೆ ಹಿಡಿದು ನಕ್ಕೆ. ನಗು ಮುಗಿದ ಮೇಲೆ ಅವಳ ಮಾತು ಮತ್ತೆ ನೆನಪಾಯಿತು. ನಾನು ಕೇಳದ ಪ್ರಶ್ನೆಗೆ ಆ ಹುಡುಗಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು. ಲಾರಿ ಬರುತ್ತದೆ, ಗಾಡಿಯನ್ನು ಮೇಲೆ ಹಾಕಿಕೊಂಡು ಹೋಗುತ್ತದೆ. ಲಾರಿಯ ಮುಂದೆ ಇಬ್ಬರು ಕೂರಬಹುದು. ಕೂರಲಾಗದವಳು ಎಲ್ಲಿರಬೇಕು? ರಸ್ತೆಬದಿಯಲ್ಲಿ ಚಾಪೆ ಹಾಸಲಾ? ಮತ್ತೆ ಫೋನ್ ಮಾಡಿ ಇನ್ನೊಬ್ಬರ ಹತ್ತಿರ ಕೇಳಿದೆ. ಹೆಚ್ಚು ಹಣ ಕೊಟ್ಟರೆ ಟ್ಯಾಕ್ಸಿ ಕಳಿಸುತ್ತಾರಂತೆ. ಅದರಲ್ಲಿ ಮಲಗಲು ಆಗುತ್ತದಾ ಎಂದರೆ, ಅದು ಸಣ್ಣ ಕಾರು, ಮಲಗುವ ವ್ಯವಸ್ಥೆ ಪ್ಲಾನಿನಲ್ಲಿಲ್ಲ ಎಂದರು.

ಆಗ ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಕಂಪೆನಿಯವರ ತಪ್ಪಿಗೆ ನನ್ನ ಮೇಲೆ ಯಾಕೆ ಎನ್ನಬೇಡಿ. ಅಪಘಾತದ ಮರುದಿನ ಆಸ್ಪತ್ರೆಗೆ ಫೋನ್ ಮಾಡಿ ನೀವು ಮೊದಲು ಕೇಳಿದ್ದು ಎಂತ, ನೆನಪುಂಟಾ? ‘ಗಾಡಿಗೆ ಎಂತಾಯಿತು?’ ಎಂದು. ಅವಳು ಬೈಕ್ ತೆಗೆದುಕೊಳ್ಳುವುದು ನಿಮಗೆ ಬೇಡವಾಗಿತ್ತು, ಒಪ್ಪಿದೆ. ‘ಬೈಕ್ ತೆಗೆದರೆ ನನ್ನನ್ನು ಅಪ್ಪ ಎಂದು ಕರೆಯಬೇಡ’ ಎಂದಿರಿ, ಅವಳೂ ನಿಮ್ಮ ಮಗಳೇ ಅಲ್ಲವಾ, ಬೈಕ್ ತೆಗೆದಳು, ಕರೆಯುವುದನ್ನು ಬಿಟ್ಟಳು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ಈ ಸಲ ತಪ್ಪು ಅವಳದ್ದಲ್ಲ. ಎದುರಿನಿಂದ ಬಂದ ರಿಕ್ಷಾ ತಪ್ಪು ದಾರಿಯಲ್ಲಿತ್ತು, ಪೊಲೀಸರೇ ಬರೆದುಕೊಂಡಿದ್ದಾರೆ. ಅಂದಿನಿಂದ ಇಂದಿನವರೆಗೆ ನನ್ನ ಹತ್ತಿರ ರೇಡಿಯೇಟರ್ ಕೇಳಿದಿರಿ, ಬೆಲ್ಟ್ ಕೇಳಿದಿರಿ, ಸ್ಟೆಪ್ನಿ ಕೇಳಿದಿರಿ. ಗಾಡಿಯ ಭಾಷೆ ಬಿಟ್ಟು ಪ್ರೀತಿ ಹೇಳಲು ನಿಮಗೆ ಬೇರೆ ಭಾಷೆ ಬರುವುದಿಲ್ಲವೆಂದು ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ನನ್ನ ಹೊಲಿಗೆ ಮಿಷಿನಿಗೆ ಎಣ್ಣೆ ಬಿಟ್ಟುಕೊಟ್ಟದ್ದು ಬಿಟ್ಟರೆ ನೀವು ಬೇರೆಂತ ಹೇಳಿದ್ದೀರಿ? ನಾನು ಅರ್ಥ ಮಾಡಿಕೊಂಡೆ. ಎಲ್ಲರೂ ಮಾಡಿಕೊಳ್ಳಬೇಕೆಂದಿಲ್ಲ.

ಇರಲಿ. ನಿನ್ನೆ ಒಂದು ಹುಚ್ಚು ಕೆಲಸ ಮಾಡಿದೆ, ಬಯ್ಯಬೇಡಿ. ಅವಳು ಹೇಗೆ ಮಲಗಿ ಬರುತ್ತಾಳೋ ಹಾಗೆ ಹಾಸಿಗೆಯಲ್ಲಿ ನಾನೇ ಮಲಗಿ, ಕಾರಡ್ಕದವರೆಗೆ ಹೋಗಿ ಬರುವ ಎಂದು ಕಿಟ್ಟಣ್ಣನಿಗೆ ಹೇಳಿದೆ. ಮಲಗಿದರೆ ರಸ್ತೆ ಕಾಣುವುದಿಲ್ಲ. ಆಕಾಶ, ಕರೆಂಟಿನ ವಯರು, ತೆಂಗಿನ ತಲೆ, ಇಷ್ಟೇ. ಹೊಂಡ ಬರುವುದು ಸೊಂಟಕ್ಕೆ ಬಡಿದ ಮೇಲೆಯೇ ಗೊತ್ತಾಗುತ್ತದೆ. ನನ್ನ ಗಟ್ಟಿ ಸೊಂಟಕ್ಕೇ ಹಾಗಾದರೆ ಒಡೆದ ಸೊಂಟಕ್ಕೆ ಹೇಗಾದೀತು! ಕಾರಡ್ಕದ ಏರಿನಲ್ಲಿ ಗಾಡಿ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಕಿಟ್ಟಣ್ಣ ಇಳಿದರು, ಬಾನೆಟ್ ತೆರೆದ ಸದ್ದಾಯಿತು, ಆಮೇಲೆ ಅವರ ಸ್ವರವೂ ಇಲ್ಲ. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹತ್ತಿರ ಬಂತು. ಅವರು ಕಲ್ಲು ಇಟ್ಟಿದ್ದಾರೋ ಇಲ್ಲವೋ, ಗಾಡಿ ಹಿಂದಕ್ಕೆ ಜಾರುತ್ತದೋ ಎಂದು ಹಾಸಿಗೆಯ ಅಂಚು ಹಿಡಿದುಕೊಂಡೆ. ಏಳುವುದಿಲ್ಲ ಎಂದು ನನಗೆ ನಾನೇ ಹಟ ಹಿಡಿದಿದ್ದೆ, ಅವಳಿಗೆ ಏಳಲು ಆಗುವುದಿಲ್ಲವಲ್ಲ ಎಂದು. ಆದರೆ ತಡೆಯಲಾಗಲಿಲ್ಲ, ಎದ್ದು ಬಾಗಿಲು ತೆರೆದು ಹಾರಿದೆ. ಕಿಟ್ಟಣ್ಣ ಬಾನೆಟ್ಟಿನೊಳಗೆ ತಲೆ ಹಾಕಿ ನೀರಿನ ಹೋಸ್ ನೋಡುತ್ತಿದ್ದರು, ಚಕ್ರಕ್ಕೆ ಕಲ್ಲು ಇಟ್ಟಾಗಿತ್ತು. ‘ಎಂತ ಪುಷ್ಪಕ್ಕ, ನಾನುಂಟಲ್ಲ’ ಎಂದರು. ಅವರಿದ್ದಾರೆ ಎಂದು ಮಲಗಿದವಳಿಗೆ ಹೇಗೆ ಗೊತ್ತಾಗಬೇಕು? ದಾರಿಯುದ್ದಕ್ಕೂ ನಾನು ಮುಂದೆ ಕೂರುವುದಿಲ್ಲ, ಅವಳ ತಲೆಯ ಹತ್ತಿರವೇ ನೆಲದಲ್ಲಿ ಕೂತು ಆಗುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಬರುತ್ತೇನೆ ಎಂದು ಅಲ್ಲಿಯೇ ನಿಶ್ಚಯ ಮಾಡಿದೆ. ಹೋಸ್ ಹೊಸತು ಹಾಕಿಸಿ ಆಯಿತು. ಫೋಟೋ ಬೇಕಾದರೆ ಕಳಿಸುತ್ತೇನೆ.

ಇವತ್ತು ಬೆಳಿಗ್ಗೆ ಇನ್ಶೂರೆನ್ಸ್ ಈಶ್ವರಪ್ರಸಾದ ಸ್ಕೂಟರಿನಲ್ಲಿ ಬಂದು ಕೆಂಪಿನವರ ಟ್ಯಾಕ್ಸಿ ಸಹಿತದ ದೊಡ್ಡ ಪ್ಲಾನನ್ನೇ ಮೊಬೈಲಿನಲ್ಲಿ ಮಾಡಿಕೊಟ್ಟ. ನನ್ನ ಮುಖ ನೋಡಿ, ‘ಎಂತದೂ ಆಗುವುದಿಲ್ಲ ಅಕ್ಕಾ, ದೇವರಿದ್ದಾನೆ’ ಎಂದ. ದೇವರೇ ಬರುವುದಾದರೆ ನೀನು ಎಂತಕ್ಕೆ ಮಾರಾಯ ಎಂದೆ. ಪಾಪ, ಕೊಟ್ಟ ಚಹಾ ಅರ್ಧಕ್ಕೆ ಬಿಟ್ಟು ಹೋದ. ಅದು ಶುರುವಾಗುವುದು ಶನಿವಾರ ಮಧ್ಯಾಹ್ನದ ಹೊತ್ತಿಗೆ. ನಾವು ಹೊರಡುವುದು ಅದೇ ದಿನ ಬೆಳಿಗ್ಗೆ. ಅಲ್ಲಿಯವರೆಗೆ ಸಿಗುವುದು ಉಡುಪಿ, ಕುಂದಾಪುರ, ಅಂದರೆ ನಮ್ಮದೇ ಊರು.

ಪ್ಲಾನಿನಲ್ಲಿಲ್ಲದ ಜನರ ಕವರನ್ನು, ಅಂದರೆ ರಕ್ಷಣೆಯನ್ನು, ನಾನೇ ಮಾಡಿಕೊಂಡೆ. ಕೊಲ್ಲಾಪುರದಲ್ಲಿ ಹೋಟೆಲ್ ಇಟ್ಟಿರುವ ನನ್ನ ಚಿಕ್ಕಮ್ಮನ ಮಗಳು ಶ್ರೀರಂಜಿನಿಗೆ ಫೋನ್ ಮಾಡಿ, ಮಲಗಿದ ಹುಡುಗಿಯನ್ನು ಮಲಗಿದ ಹಾಗೆಯೇ ತರುವ ಗಾಡಿ ಸಿಗುತ್ತದಾ ಎಂದು ಕೇಳಿದೆ. ಅವಳ ಗಂಡ ಫೋನ್ ಕಸಿದುಕೊಂಡು, ‘ತರಕಾರಿ ತರುವ ವ್ಯಾನ್ ಉಂಟು, ತೊಳೆದು ಹಾಸಿಗೆ ಹಾಕಿ ನಾನೇ ಬರುತ್ತೇನೆ’ ಎಂದರು. ಅವರೇ ಪುಣೆ, ಸತಾರಾ, ಬೆಳಗಾವಿ, ಹುಬ್ಬಳ್ಳಿಯ ನಮ್ಮವರ ಹೋಟೆಲುಗಳ ನಂಬರು ಕೊಟ್ಟರು. ಮುಖ ಕಾಣದ ಜನ, ತುಳುವಿನಲ್ಲಿ ಎರಡು ಮಾತಾಡಿದೆ, ಒಬ್ಬರೂ ಪ್ಲಾನ್ ಯಾವುದೆಂದು ಕೇಳಲಿಲ್ಲ. ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುವಲ್ಲಿ ಮಾತ್ರ ನಮ್ಮವರು ಯಾರೂ ಇಲ್ಲ, ಫೋನೂ ಸರಿಯಾಗಿ ಸಿಗುವುದಿಲ್ಲವಂತೆ. ಆ ಒಂದು ಘಾಟಿಯದ್ದೇ ನನಗೆ ಈಗಲೂ ಚಿಂತೆ. ಹಗಲಿನಲ್ಲೇ ಇಳಿಯುವ ಎಂದು ಕಿಟ್ಟಣ್ಣ ಹೇಳಿದ್ದಾರೆ. ಮನೆಯ ದೈವಕ್ಕೆ ಹರಕೆ ಹೇಳಿದ್ದೇನೆ, ನೀವೂ ಅಲ್ಲಿಂದಲೇ ಕೈಮುಗಿಯಿರಿ.

ಮತ್ತೆಂತ? ಊಟ ಸರಿಯಾಗಿ ಮಾಡಿ, ರಾತ್ರಿ ಆ ಕುಬ್ಬೂಸ್ ರೊಟ್ಟಿ ತಿಂದು ಮಲಗಬೇಡಿ, ಒಂದು ಹಿಡಿ ಕುಚ್ಚಲಕ್ಕಿ ಬೇಯಿಸಲು ಎಷ್ಟು ಹೊತ್ತು ಬೇಕು? ರಜೆ ಸಿಗಲಿಲ್ಲವೆಂದು ಬೇಸರಿಸಬೇಡಿ, ಕೊಡದಿದ್ದರೆ ನೀವೆಂತ ಮಾಡುತ್ತೀರಿ. ಕಿಟ್ಟಣ್ಣ ನಮಸ್ಕಾರ ಹೇಳಿದ್ದಾರೆ. ದೈವ ನಮ್ಮ ಮೂವರನ್ನೂ ಮೂರು ಊರಿನಲ್ಲಿ ಕಾಯಲಿ, ಬೇಗ ಒಂದೇ ಊರಿನಲ್ಲಿ ಕಾಯುವ ಹಾಗಾಗಲಿ.

ನಿಮ್ಮ,
ಪುಷ್ಪಾವತಿ

ಮರೆತೆ: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ವಿಖ್ಯಾತ್ ಗೇಟಿನಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಅಂದು ಆಸ್ಪತ್ರೆಯಲ್ಲಿ ನಿಮ್ಮ ಫೋನ್ ಬಂದಾಗ ನನ್ನ ಕೈಯಲ್ಲಿ ಔಷಧಿ ಇತ್ತು, ಮೋಕ್ಷಿತಾ ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟಿದ್ದಳು. ಗಾಡಿಗೆ ಎಂತಾಯಿತು ಎಂದು ನೀವು ಕೇಳಿದ್ದು ಪೂಜಾಗೆ ಕೇಳಿಸಿದೆ. ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಬರುತ್ತೇನೆಂದು ಅವಳು ಇನ್ನೂ ಹೇಳಿಲ್ಲ. ಇವತ್ತು ನಾನು ಕವರ್ ಆಯಿತು ಎಂದದ್ದಕ್ಕೆ, ‘ಅಮ್ಮಾ, ಆ ಗಾಡಿ ತರಬೇಡ, ದಾರಿಯಲ್ಲಿ ಅದಕ್ಕೆ ಎಂತಾದರೂ ಆದರೆ ಅದಕ್ಕೂ ನಾನೇ ಕಾರಣ ಆಗುತ್ತೇನೆ’ ಎಂದಳು. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ, ಒಬ್ಬಳೇ ಇರುತ್ತಾಳಂತೆ. ಇದು ನಿಮ್ಮ ಕೈಗೆ ಸಿಕ್ಕಿದ ಕೂಡಲೇ, ಶುಕ್ರವಾರ ರಾತ್ರಿಯೊಳಗೆ, ಅವಳಿಗೇ ಫೋನ್ ಮಾಡಿ, ನನಗೆ ಬೇಡ. ಟಯರ್ ಬೇಡ, ಬೆಲ್ಟ್ ಬೇಡ, ಕವರ್ ಬೇಡ. ‘ಬೇನೆ ಉಂಡಾ ಮಗಾ?’ ನೋವುಂಟಾ ಎಂದು, ನಮ್ಮ ತುಳುವಿನಲ್ಲೇ, ಇಷ್ಟೇ ಕೇಳಿ, ಕೇಳಿ ಸುಮ್ಮನಿರಿ, ಅವಳು ಅಳುವವರೆಗೆ ಫೋನ್ ಇಡಬೇಡಿ. ನಿಮ್ಮನ್ನು ನಾನು ಹೆಸರು ಹಿಡಿದು ಕರೆದವಳಲ್ಲ. ಪೂಜಾನ ಅಪ್ಪ ಎನ್ನುವುದು ಬಿಟ್ಟರೆ ನಿಮ್ಮನ್ನು ಕರೆಯಲು ನನ್ನ ಹತ್ತಿರ ಬೇರೆ ಹೆಸರಿಲ್ಲ. ಅವಳ ನಂಬರು ಅಳಿಸಿ ಹಾಕಿದ್ದರೆ ಎಂದು ಲಕೋಟೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ.